ದಸರಾ ರಜೆಯಲ್ಲಿ ಮಕ್ಕಳ ಜೊತೆ ಬೇಕಿಂಗ್: ಬೊಂಬೆ ಬಾಗಿನಕ್ಕೆ ರಾಗಿ ಬಿಸ್ಕತ್ತು, ಮನೆಗೆ ಸಿಹಿಗುಂಬಳದ ಕೇಕ್

ಮಹಾಲಯ ಅಮಾವಾಸ್ಯೆ ಕಳೆದು, ಅಟ್ಟದ ಮೇಲಿನ ಟ್ರಂಕು ಕೆಳಗಿಳಿದು, ಪಟ್ಟದ ಬೊಂಬೆಗಳು ಹಳೇ ಪಂಚೆಯಿಂದ ಹೊರಬರುವ ಹೊತ್ತಿಗೆ ತುಮಕೂರಿನಲ್ಲಿ ಶಾಲೆಗಳಿಗೆ ರಜೆ ಬಿದ್ದಿರುತ್ತದೆ. ಹೊರಗೆ ಹಸ್ತ ಮಳೆ, ಅದರ ಬೆನ್ನಿಗೇ ಚಿತ್ತೆ. ಮಧ್ಯಾಹ್ನ ಮೂರಕ್ಕೆ ಮೋಡ ಕವಿದರೆ ಮಕ್ಕಳು ಬೀದಿಗೆ ಹೋಗುವಂತಿಲ್ಲ, ಮನೆಯಲ್ಲಿ ಸುಮ್ಮನೆ ಕೂರುವುದೂ ಇಲ್ಲ. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ "ಬೊಂಬೆ ಕೂರ್ಸಿದೀರಾ?" ಅಂತ ಬಾಗಿಲಿಗೆ ಬರುತ್ತಾರೆ. ಆರತಿ ಆದ ಮೇಲೆ ಅವರ ಕೈಗೆ ಏನಾದರೂ ಬೊಂಬೆ ಬಾಗಿನ ಹಾಕಬೇಕು. ನಮ್ಮತ್ತೆ ಕಾಲದಲ್ಲಿ ಚಿಕ್ಕ ಚಿಕ್ಕ ಚಕ್ಕುಲಿ, ಕೊಬ್ಬರಿ ಮಿಠಾಯಿ, ಗುಂಡಿಯಷ್ಟು ಗಾತ್ರದ ನಿಪ್ಪಟ್ಟು. ನಾನು ಎಣ್ಣೆ ಬಾಣಲೆ ಮುಂದೆ ಮಕ್ಕಳನ್ನು ನಿಲ್ಲಿಸಿಕೊಳ್ಳಲು ಹೆದರಿ ಬಿಸ್ಕತ್ತಿಗೆ ಬಂದವಳು. ಮನೆಯಲ್ಲಿ ಒಂಬತ್ತು ವರ್ಷದವಳೊಬ್ಬಳು, ನಾಲ್ಕು ವರ್ಷದವನೊಬ್ಬ. ರಜೆಗೆ ನಾದಿನಿಯ ಮಗಳೂ ಬೆಂಗಳೂರಿಂದ ಬಂದು ಸೇರಿಕೊಳ್ಳುತ್ತಾಳೆ.

ಮಕ್ಕಳ ಜೊತೆ ಬೇಕಿಂಗ್ ಅಂದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ನಾವೇ ಮಾಡುವುದಲ್ಲ. ಒಂದು ಚಮಚ ಸಕ್ಕರೆ ಹಾಕಿಸಿ "ಆಯ್ತು, ಆಚೆ ಹೋಗು" ಅಂದರೆ ಐದು ನಿಮಿಷಕ್ಕೆ ಟಿವಿ ಮುಂದೆ ಹೋಗಿ ಕೂರುತ್ತಾರೆ. ಕೆಲಸದಲ್ಲಿ ಒಂದು ಹಂತವನ್ನು ಪೂರ್ತಿ ಅವರಿಗೇ ಬಿಡಬೇಕು. ನಮ್ಮ ಮನೆಯ ಪಾಲು ಹೀಗೆ: ತೂಕ, ಜರಡಿ, ಕಲಸುವುದು, ಉಂಡೆ ಕಟ್ಟುವುದು ಅವರದು, ಬೆಂಕಿ, ಚಾಕು, ಮಿಕ್ಸಿ ನನ್ನದು. ತಿಂಡಿಯನ್ನೂ ಅದಕ್ಕೆ ತಕ್ಕ ಹಾಗೆ ಆರಿಸಿಕೊಂಡಿದ್ದೇನೆ. ಲಟ್ಟಿಸಿ ಅಚ್ಚಲ್ಲಿ ಕತ್ತರಿಸುವ ಬಿಸ್ಕತ್ತು ನಾಲ್ಕು ವರ್ಷದ ಕೈಗೆ ಒಗ್ಗುವುದಿಲ್ಲ, ಉಂಡೆ ಕಟ್ಟಿ ಒತ್ತುವ ಬಿಸ್ಕತ್ತು ಒಗ್ಗುತ್ತದೆ.

ಸಾಮಾನು ತರುವಾಗ

ಸಿಹಿಗುಂಬಳವನ್ನು ಅಂತರಸನಹಳ್ಳಿ ಮಾರುಕಟ್ಟೆಯಿಂದಾಗಲಿ, ಬೀದಿಗೆ ಬರುವ ಗಾಡಿಯಿಂದಾಗಲಿ ಕತ್ತರಿಸಿದ ತುಂಡಾಗಿ ತನ್ನಿ. ಒಳಗಿನ ಬಣ್ಣ ಕಣ್ಣಿಗೆ ಕಾಣಬೇಕು. ತೆಳು ಹಳದಿ ಇದ್ದರೆ ಬರೀ ನೀರು. ಕೇಸರಿ ತಿರುಗಿದ ಗಟ್ಟಿ ತಿರುಳೇ ಕೇಕಿಗೆ ಬೇಕು. ಕಡಲೇಕಾಯಿ ಬೀಜ, ಬೆಲ್ಲಕ್ಕೆ ನಾನು ಮಂಡಿಪೇಟೆಗೆ ಹೋಗುತ್ತೇನೆ. ಪಾವಗಡ, ಶಿರಾ, ಮಧುಗಿರಿ ಕಡೆ ಕಡಲೇಕಾಯಿ ಕೀಳುವ ಕಾಲವೂ ಇದೇ ಆಸುಪಾಸು. ಕೊಬ್ಬರಿಗಂತೂ ತಿಪಟೂರಿನ ಜಿಲ್ಲೆಯವರಿಗೆ ಯಾರೂ ದಾರಿ ತೋರಿಸಬೇಕಿಲ್ಲ. ಬೆಣ್ಣೆ ಉಪ್ಪಿಲ್ಲದ್ದಾಗಿರಲಿ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಅದರಲ್ಲಿರುವ ಮಜ್ಜಿಗೆಯನ್ನು ಚೆನ್ನಾಗಿ ಹಿಂಡಿ ತೆಗೆಯಿರಿ, ಇಲ್ಲದಿದ್ದರೆ ಬಿಸ್ಕತ್ತು ಹರಡಿಕೊಳ್ಳುತ್ತದೆ. ನವರಾತ್ರಿಯಲ್ಲಿ ಮೊಟ್ಟೆ ಮನೆಯೊಳಗೆ ಬರುವುದಿಲ್ಲವಾದ್ದರಿಂದ ಇಲ್ಲಿ ಯಾವುದಕ್ಕೂ ಮೊಟ್ಟೆ ಇಲ್ಲ.

ಒಂದು ವಸ್ತುವಿಗೆ ಮಾತ್ರ ದುಡ್ಡು ಹಾಕಿ: ಚಿಕ್ಕ ಡಿಜಿಟಲ್ ತಕ್ಕಡಿ. ಲೋಟದ ಅಳತೆಯಲ್ಲಿ ಮಕ್ಕಳು ಹಿಟ್ಟನ್ನು ಒತ್ತಿ ತುಂಬಿದರೆ ಒಂದು ಲೆಕ್ಕ, ಸಡಿಲವಾಗಿ ತುಂಬಿದರೆ ಇನ್ನೊಂದು. ತಕ್ಕಡಿಯಲ್ಲಿ ಆ ಜಗಳವಿಲ್ಲ. ಪಾತ್ರೆ ಇಟ್ಟು ಗುಂಡಿ ಒತ್ತಿದರೆ ಸೊನ್ನೆಯಾಗುತ್ತದಲ್ಲ, ನಮ್ಮ ಚಿಕ್ಕವನಿಗೆ ಇಡೀ ಬೇಕಿಂಗಿನಲ್ಲಿ ಅದಕ್ಕಿಂತ ದೊಡ್ಡ ಮಜಾ ಇಲ್ಲ. ದೊಡ್ಡವಳು ಚೀಟಿಯಲ್ಲಿ ಬರೆದ ಅಂಕಿ ಓದುತ್ತಾಳೆ, ಅವನು ಆ ಅಂಕಿ ಬರುವವರೆಗೆ ಸುರಿಯುತ್ತಾನೆ, ಜಾಸ್ತಿಯಾದರೆ ಚಮಚದಲ್ಲಿ ತೆಗೆಯುತ್ತಾನೆ.

ಓವನ್ ವಿಚಾರ

ಮನೆಗಳಲ್ಲಿರುವ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟ್ ಓವನ್) ಸಾಮಾನ್ಯವಾಗಿ 1200ರಿಂದ 1500 ವ್ಯಾಟ್‌ನದು. ದೊಡ್ಡ ಪಿನ್ನಿನ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಮೇಲಿನ ಕೆಳಗಿನ ಎರಡೂ ಸರಳು ಕೆಂಪಾಗುವ ಹಾಗೆ ಗುಂಡಿ ತಿರುಗಿಸಿ, ಟ್ರೇಯನ್ನು ನಡುವಿನ ಅಂತಸ್ತಿಗೆ ಇಡಬೇಕು. ಒಳಗೆ ಏನನ್ನೂ ಇಡುವ ಮೊದಲು 10ರಿಂದ 15 ನಿಮಿಷ ಬರೀ ಓವನ್ ಕಾಯಬೇಕು. ಮೈಕ್ರೋವೇವ್ ಆದರೆ ಕನ್ವೆಕ್ಷನ್, ಅಂದರೆ ಬಿಸಿಗಾಳಿಯಲ್ಲಿ ಬೇಯಿಸುವ ಸೌಲಭ್ಯ, ಇರುವುದು ಮಾತ್ರ ಆಗುತ್ತದೆ; ಬರೀ ಅನ್ನ ಬಿಸಿ ಮಾಡುವ ಮೈಕ್ರೋವೇವಿನಲ್ಲಿ ಬಿಸ್ಕತ್ತು ಕೆಂಪಗಾಗುವುದಿಲ್ಲ.

ಓವನ್ನಿನ ಮೇಲೆ ಬರೆದಿರುವ ಅಂಕಿಯನ್ನು ಪೂರ್ತಿ ನಂಬಬೇಡಿ. 170 ಅಂದರೆ ಒಂದು ಮನೆಯಲ್ಲಿ 155, ಇನ್ನೊಂದು ಮನೆಯಲ್ಲಿ 190. ಅದಕ್ಕೇ ನಾನು ಮೊದಲು ಒಂದೇ ಒಂದು ಬಿಸ್ಕತ್ತು ಕಳಿಸಿ ನೋಡುತ್ತೇನೆ. ಅದಕ್ಕೆ ಮಕ್ಕಳಿಟ್ಟ ಹೆಸರು "ಬೇಹುಗಾರ". ಅದು ಹರಡಿತೋ, ಬಿರುಕು ಬಿಟ್ಟಿತೋ, ತಳ ಹೊತ್ತಿತೋ ನೋಡಿ ಹದ ಸರಿಪಡಿಸಿಕೊಂಡರೆ ಉಳಿದ ಮೂವತ್ತಾರು ಉಳಿಯುತ್ತವೆ.

ಓವನ್ ಇಲ್ಲದವರಿಗೆ ದಪ್ಪ ತಳದ ಹಳೇ ಬಾಂಡ್ಲಿ ಸಾಕು. ತಳಕ್ಕೆ ಎರಡು ಲೋಟ ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಭದ್ರವಾದ ತಟ್ಟೆ ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಕೇಕಿನ ಡಬ್ಬಿ ಇಟ್ಟು ಉರಿ ಸಣ್ಣ ಮಾಡಿ. ಕುಕ್ಕರ್ ಬಳಸಿದರೆ ಗ್ಯಾಸ್ಕೆಟ್ಟೂ ವಿಶಲ್ಲೂ ಕಡ್ಡಾಯವಾಗಿ ತೆಗೆದಿರಬೇಕು. ಈ ಉಪಾಯದಲ್ಲಿ ಕೇಕ್ ಚೆನ್ನಾಗಿ ಬರುತ್ತದೆ. ಬಿಸ್ಕತ್ತು ಅಷ್ಟಕ್ಕಷ್ಟೆ, ಮೇಲಿನಿಂದ ಶಾಖ ಇಲ್ಲದೆ ತಳ ಮಾತ್ರ ಕೆಂಪಾಗುತ್ತದೆ. ಆ ಉಪ್ಪನ್ನು ಡಬ್ಬಿಗೆ ತುಂಬಿ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ, ಸಾರಿಗೆ ಬಳಸಬೇಡಿ.

ನೆಲಕ್ಕೆ ಸೀಮೆಸುಣ್ಣದಲ್ಲಿ ಓವನ್ ಸುತ್ತ ಎರಡು ಅಡಿ ದೂರಕ್ಕೆ ಗೆರೆ ಎಳೆಯಿರಿ. ಮಕ್ಕಳು ಗೆರೆಯ ಆಚೆ. ನಮ್ಮ ಮನೆಯಲ್ಲಿ ರಂಗೋಲಿ ಪುಡಿಯಲ್ಲೇ ಎಳೆಯುತ್ತಾರೆ, ಅದನ್ನು ಕಾಯುವ ಕೆಲಸವೂ ಚಿಕ್ಕವನದೇ, ನನ್ನನ್ನೂ ಒಮ್ಮೊಮ್ಮೆ ತಡೆಯುತ್ತಾನೆ. ಇಷ್ಟಾದರೂ ಕೈ ತಾಗಿದರೆ ಹರಿಯುವ ತಣ್ಣೀರ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಅರಿಸಿನ ಯಾವುದನ್ನೂ ಹಚ್ಚಬೇಡಿ. ಗುಳ್ಳೆ ದೊಡ್ಡದಾಗಿ ಎದ್ದರೆ ಡಾಕ್ಟರ ಹತ್ತಿರ ಹೋಗಿ.

ರಾಗಿ ಕಡಲೇಬೀಜದ ಬಿಸ್ಕತ್ತು

ಬೇಕಾದದ್ದು: ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೆಣ್ಣೆ 110 ಗ್ರಾಂ, ಬೆಲ್ಲದ ಪುಡಿ 90 ಗ್ರಾಂ, ಹುರಿದ ಕಡಲೇಬೀಜ 40 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಏಲಕ್ಕಿ ಪುಡಿ ಅರ್ಧ ಟೀ ಚಮಚ, ಒಂದು ಚಿಟಿಕೆ ಉಪ್ಪು, ತಣ್ಣಗಿನ ಹಾಲು ಒಂದೆರಡು ದೊಡ್ಡ ಚಮಚ. ಇಷ್ಟಕ್ಕೆ 12 ಗ್ರಾಂ ತೂಕದ 36 ಅಥವಾ 37 ಬಿಸ್ಕತ್ತು ಆಗುತ್ತವೆ.

ಒಂದೇ ದಿನ ಎಲ್ಲ ಮಾಡಲು ಹೋಗಬೇಡಿ. ಚಿಕ್ಕ ಮಕ್ಕಳ ಗಮನ ಇಪ್ಪತ್ತು ನಿಮಿಷ ನಿಂತರೆ ಹೆಚ್ಚು. ಮೊದಲ ದಿನ ಹುರಿಯುವ, ತುರಿಯುವ ಕೆಲಸ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಆರೇಳು ನಿಮಿಷ, ಹಸಿ ವಾಸನೆ ಹೋಗಿ ಘಮ್ಮೆನ್ನುವವರೆಗೆ ಕೈಯಾಡಿಸಿ. ಇದು ನಮ್ಮ ಕೆಲಸ. ಕಡಲೇಬೀಜ ಹುರಿದು ಆರಿಸಿ ಮೊರದಲ್ಲಿ ಹರಡಿ ಕೊಟ್ಟರೆ ಸಿಪ್ಪೆ ಉಜ್ಜುವುದು, ಊದುವುದು ಮಕ್ಕಳು ಮಾಡುತ್ತಾರೆ. ಮನೆ ತುಂಬ ಸಿಪ್ಪೆ ಹಾರುತ್ತದೆ, ಅಂಗಳದಲ್ಲಿ ಕೂರಿಸಿ. ಬೀಜವನ್ನು ತರಿತರಿಯಾಗಿ ಕುಟ್ಟಿಕೊಳ್ಳಿ. ಐದು ವರ್ಷದೊಳಗಿನವರಿಗೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಆದ್ದರಿಂದ ಬಿಸ್ಕತ್ತಿನ ಮೇಲೆ ಅಲಂಕಾರಕ್ಕೂ ಇಡೀ ಬೀಜ ಇಡಬೇಡಿ. ಬೊಂಬೆ ನೋಡಲು ಬರುವ ಮಕ್ಕಳಲ್ಲಿ ಯಾರಿಗಾದರೂ ಕಡಲೇಬೀಜ ಆಗುವುದಿಲ್ಲವೇ ಅಂತ ಅವರ ಅಮ್ಮಂದಿರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಬೆಲ್ಲದ ವಿಷಯದಲ್ಲಿ ನಾನು ಕೆಟ್ಟು ಕಲಿತೆ. ಮೊದಲ ವರ್ಷ ಅಚ್ಚು ಬೆಲ್ಲವನ್ನು ಕರಗಿಸಿ, ಸೋಸಿ, ಪಾಕವನ್ನೇ ಹಿಟ್ಟಿಗೆ ಸುರಿದಿದ್ದೆ. ಕಜ್ಜಾಯಕ್ಕೆ ಸರಿ, ಬಿಸ್ಕತ್ತಿಗಲ್ಲ. ಬಂದದ್ದು ಕಲ್ಲು. ಚಿಕ್ಕವನು ಮೇಜಿನ ಮೇಲೆ ಕುಟ್ಟಿ ತಾಳ ಹಾಕಿದ, ನಮ್ಮ ಮಾವನವರು ಕಾಫಿಯಲ್ಲಿ ನೆನೆಹಾಕಿ ಹತ್ತು ನಿಮಿಷ ಕಾದರು. ಬೆಲ್ಲವನ್ನು ಪುಡಿಯಾಗಿಯೇ ಹಾಕಬೇಕು. ಅಚ್ಚು ಬೆಲ್ಲವಾದರೆ ಈಳಿಗೆ ಮಣೆಯಲ್ಲಿ ಹೆರೆದು ಜರಡಿ ಹಿಡಿಯಿರಿ; ಜರಡಿಯಲ್ಲಿ ಉಳಿದ ಗಂಟು ಮಕ್ಕಳ ಬಾಯಿಗೆ, ಅದು ಕೂಲಿ.

ಎರಡನೇ ದಿನ ಕಲಸುವುದು. ಬೆಣ್ಣೆ ಬೆರಳಲ್ಲಿ ಒತ್ತಿದರೆ ತಗ್ಗು ಬೀಳಬೇಕು, ಆದರೆ ಕರಗಿರಬಾರದು. ದೊಡ್ಡವಳು ಬೆಣ್ಣೆ, ಬೆಲ್ಲವನ್ನು ಮರದ ಸೌಟಿನಲ್ಲಿ ಐದು ನಿಮಿಷ ಮಿದಿಯುತ್ತಾಳೆ. ಬಣ್ಣ ಒಂದು ಸುತ್ತು ತೆಳುವಾದರೆ ಸಾಕು. ಅಷ್ಟರಲ್ಲಿ ಚಿಕ್ಕವನು ರಾಗಿ, ಗೋಧಿ, ಬೇಕಿಂಗ್ ಪೌಡರ್, ಉಪ್ಪು, ಏಲಕ್ಕಿಯನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯುತ್ತಾನೆ. ಕೆಳಗೆ ಹಳೇ ಪೇಪರ್ ಹಾಸಿರಿ. ಎಲ್ಲ ಸೇರಿಸಿ, ಕಡಲೇಬೀಜದ ತರಿ ಹಾಕಿ, ಬೆರಳ ತುದಿಯಲ್ಲಿ ಕೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಗೋಧಿಯ ಜಿಗುಟು ಎದ್ದು ಬಿಸ್ಕತ್ತು ಬಿರುಸಾಗುತ್ತದೆ. ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು. ಉದುರುತ್ತಿದ್ದರೆ ಚಮಚ ಚಮಚವಾಗಿ ಹಾಲು.

ರಾಗಿಯಲ್ಲಿ ಗೋಧಿಗಿರುವ ಆ ಜಿಗುಟು, ಗ್ಲುಟನ್, ಇಲ್ಲವೇ ಇಲ್ಲ. ಬರೀ ರಾಗಿಯಲ್ಲಿ ಮಾಡಿದರೆ ಎತ್ತಿದಲ್ಲೇ ಪುಡಿ. ಅರ್ಧಕ್ಕರ್ಧ ಗೋಧಿ ಅದಕ್ಕೇ. "ರಾಗಿ ಒಳ್ಳೇದು ಅಂತ ಪೂರ್ತಿ ಅದನ್ನೇ ಹಾಕು" ಅನ್ನುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಒಳ್ಳೆಯದು ನಿಜ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಮುದ್ದೆಯ ಹದ ಬೇರೆ, ಬಿಸ್ಕತ್ತಿನ ಹದ ಬೇರೆ.

ಕಲಸಿದ್ದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ರಾಗಿ ಹಿಟ್ಟು ಹಾಲನ್ನು ಕುಡಿದು ಬಿರುಕು ಕಡಿಮೆಯಾಗುತ್ತದೆ, ಬೆಣ್ಣೆಯೂ ಗಟ್ಟಿಯಾಗುತ್ತದೆ. ಆಮೇಲೆ ಮಕ್ಕಳಿಗೆ ಬಿಟ್ಟುಬಿಡಿ: ತಕ್ಕಡಿಯಲ್ಲಿ 12 ಗ್ರಾಂ ತೂಗಿ, ಅಂಗೈಯಲ್ಲಿ ಉರುಳಿಸಿ, ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿಟ್ಟು ಒತ್ತುವುದು. ಒತ್ತಲು ನಾವು ಚಕ್ಕುಲಿ ಒರಳಿನ ಬಿಲ್ಲೆ ಬಳಸುತ್ತೇವೆ. ನಕ್ಷತ್ರದ ಬಿಲ್ಲೆ ಒತ್ತಿದರೆ ನಡುವೆ ನಕ್ಷತ್ರ ಮೂಡುತ್ತದೆ, ಸೇವಿಗೆ ಬಿಲ್ಲೆ ಒತ್ತಿದರೆ ಚುಕ್ಕಿ. ಒಂದು ದಪ್ಪ, ಒಂದು ತೆಳು ಆಗದ ಹಾಗೆ ನೋಡಿಕೊಳ್ಳಿ, ತೆಳುವಾದದ್ದು ಮೊದಲು ಹೊತ್ತುತ್ತದೆ. ಚಿಕ್ಕವನು ಆನೆ ಮಾಡುತ್ತೇನೆ ಅಂದರೆ ಮಾಡಲಿ, ಆನೆಗಳಿಗೆಲ್ಲ ಕೊನೆಯ ಟ್ರೇ. ಹಸಿ ಹಿಟ್ಟನ್ನು ಮಾತ್ರ ಬಾಯಿಗೆ ಹಾಕಲು ಬಿಡಬೇಡಿ. ಮೊಟ್ಟೆ ಇಲ್ಲದಿದ್ದರೂ ಬೇಯಿಸದ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

165 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ರಾಗಿ ಬಿಸ್ಕತ್ತು ಇಲ್ಲೇ ಕೈಕೊಡುತ್ತದೆ. ಎಲ್ಲ ಅಡುಗೆ ವಿಧಾನದಲ್ಲೂ "ಹೊಂಬಣ್ಣ ಬರುವವರೆಗೆ" ಅಂತಿರುತ್ತದೆ, ಇದು ಹುಟ್ಟುವಾಗಲೇ ಕಂದು. ಕಣ್ಣನ್ನು ಬಿಟ್ಟು ಮೂಗು ನಂಬಿ. ಹುರಿದ ಬೀಜದ ಘಮ ಹಾಲ್‌ವರೆಗೆ ಬಂದಾಗ ಬಾಗಿಲು ತೆಗೆದು, ಒಂದನ್ನು ಚಾಕುವಿನ ತುದಿಯಲ್ಲಿ ಎತ್ತಿ ನೋಡಿ: ಅಂಚು ಗಟ್ಟಿಯಾಗಿ, ತಳ ಪೇಪರಿನಿಂದ ತಾನಾಗಿ ಬಿಟ್ಟುಕೊಂಡರೆ ಆಯಿತು. ನಡು ಇನ್ನೂ ಮೆತ್ತಗೇ ಇರುತ್ತದೆ, ಬೇಯಲಿಲ್ಲ ಅಂದುಕೊಂಡು ಮತ್ತೆ ಒಳಗೆ ತಳ್ಳಬೇಡಿ. ಟ್ರೇಯಲ್ಲೇ ಹತ್ತು ನಿಮಿಷ ಆರಿದ ಮೇಲೆ ಗರಿಗರಿ. ಆ ಹತ್ತು ನಿಮಿಷ ಮಕ್ಕಳನ್ನು ತಡೆಯುವುದು ಇಡೀ ಕೆಲಸದಲ್ಲಿ ಕಷ್ಟದ ಭಾಗ. ನಾನು ಬೊಂಬೆಗಳಿಗೆ ಆರತಿ ತಟ್ಟೆ ಜೋಡಿಸಲು ಕಳಿಸುತ್ತೇನೆ.

ನಡುವೆ ಕರೆಂಟ್ ಹೋದರೆ? ಚಿತ್ತೆ ಮಳೆಯಲ್ಲಿ ಹೋಗಿಯೇ ಹೋಗುತ್ತದೆ. ಬಾಗಿಲು ತೆಗೆಯಬೇಡಿ. ಬಿಸ್ಕತ್ತಿಗೆ ಹತ್ತು ನಿಮಿಷ ಆಗಿದ್ದರೆ ಒಳಗಿನ ಬಿಸಿಗೇ ಮುಕ್ಕಾಲು ಬೇಯುತ್ತದೆ, ಕರೆಂಟ್ ಬಂದ ಮೇಲೆ ಐದು ನಿಮಿಷ ಕೊಟ್ಟರೆ ಸಾಕು. ಕೇಕಿಗೆ ಈ ರಿಯಾಯಿತಿ ಇಲ್ಲ. ಅರ್ಧ ಉಬ್ಬಿದಾಗ ಶಾಖ ನಿಂತರೆ ಕುಸಿಯುತ್ತದೆ. ಕೇಕಿನ ದಿನ ಮೋಡ ನೋಡಿ ಶುರುಮಾಡಿ.

ಸಿಹಿಗುಂಬಳದ ಕೇಕ್

ಕುಂಬಳಕಾಯಿಗೆ ಕಣ್ಣು ಬಾಯಿ ಕೆತ್ತಿ ಒಳಗೆ ದೀಪ ಇಡುವುದನ್ನು ಬೆಂಗಳೂರಿನ ನಾದಿನಿ ಮಗಳು ಮೊಬೈಲಿನಲ್ಲಿ ತೋರಿಸಿ, ಅದೂ ಬೇಕು ಅಂದಳು. ನಮ್ಮೂರಲ್ಲಿ ಈ ತಿಂಗಳು ಕುಂಬಳಕ್ಕಿರುವ ಕೆಲಸ ಬೇರೆ, ಆಯುಧಪೂಜೆಗೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ಗಾಡಿ ಮುಂದೆ ಒಡೆಯುವುದು. ಸಿಹಿಗುಂಬಳ ಅಡುಗೆಮನೆಗೆ. ಕೆತ್ತನೆಯ ಆಸೆಗೆ ಸಿಪ್ಪೆಯ ತುಂಡು ಕೊಟ್ಟೆ, ಹೇರ್‌ಪಿನ್ನಿನಲ್ಲಿ ಮೂತಿ ಗೀರಿಕೊಂಡಳು.

ಗೋಧಿ ಹಿಟ್ಟು 180 ಗ್ರಾಂ, ಬೆಲ್ಲದ ಪುಡಿ 130 ಗ್ರಾಂ, ಬೇಯಿಸಿ ಮಸೆದ ಕುಂಬಳ 180 ಗ್ರಾಂ, ಹುಳಿಯಾಗದ ಗಟ್ಟಿ ಮೊಸರು 60 ಗ್ರಾಂ, ಸೂರ್ಯಕಾಂತಿ ಎಣ್ಣೆ 75 ಮಿಲಿ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಕ್ಕೆ ಪುಡಿ ಒಂದು ಟೀ ಚಮಚ, ಒಣಶುಂಠಿ ಕಾಲು ಚಮಚ, ಜಾಯಿಕಾಯಿ ಎರಡು ಉಜ್ಜು, ಉಪ್ಪು ಚಿಟಿಕೆ, ಮೇಲೆ ಉದುರಿಸಲು ಕೊಬ್ಬರಿ ತುರಿ. ಏಳು ಇಂಚಿನ ಡಬ್ಬಿ. ಕಡಲೇಕಾಯಿ ಎಣ್ಣೆ ಬೇಡ, ಗಾಣದ್ದಾದರಂತೂ ಕೇಕ್ ಪೂರ್ತಿ ಅದರ ವಾಸನೆಯೇ.

ಸಿಪ್ಪೆ ತೆಗೆದ 300 ಗ್ರಾಂ ಹೋಳನ್ನು ಬಟ್ಟಲಿಗೆ ಹಾಕಿ, ಬಟ್ಟಲಿಗೆ ನೀರು ಹಾಕದೆ, ಕುಕ್ಕರಿನ ತಳಕ್ಕೆ ಮಾತ್ರ ನೀರು ಹಾಕಿ ಎರಡು ವಿಶಲ್ ಕೂಗಿಸಿ. ಆರಿದ ಮೇಲೆ ಜಾಲರಿಯಲ್ಲಿ ಕಾಲು ಗಂಟೆ ಬಸಿಯಲು ಬಿಡಿ. ಈ ಬಸಿಯುವುದನ್ನು ಬಿಟ್ಟರೆ ಕೇಕಿನ ನಡು ಹಲ್ವದಂತೆ ಅಂಟುತ್ತದೆ. ಬಸಿದ ನೀರು ಸಾರಿಗೆ. ಹೋಳನ್ನು ಮಸ್ಸೊಪ್ಪು ಮಸೆಯುವ ಕಡೆಗೋಲಿನಲ್ಲಿ ಮಕ್ಕಳು ಮಸೆಯಲಿ. ಮಿಕ್ಸಿ ಯಾಕೆ, ಸಣ್ಣ ಗಂಟುಗಳಿದ್ದರೆ ತಿನ್ನುವಾಗ ಚೆನ್ನ.

ಒಂದು ಬೋಗುಣಿಯಲ್ಲಿ ಕುಂಬಳ, ಬೆಲ್ಲ, ಮೊಸರು, ಎಣ್ಣೆ ಸೇರಿಸಿ ಬೆಲ್ಲ ಕರಗುವವರೆಗೆ ತಿರುಗಿಸಿ. ಇನ್ನೊಂದರಲ್ಲಿ ಒಣ ಪುಡಿಗಳನ್ನೆಲ್ಲ ಜರಡಿ ಹಿಡಿದಿಡಿ. ಇಷ್ಟಾಗಿ, ಡಬ್ಬಿಗೆ ಎಣ್ಣೆ ಸವರಿ, ಓವನ್ ಕಾದ ಮೇಲೆಯೇ ಎರಡನ್ನೂ ಕೂಡಿಸಬೇಕು. ಮೊಸರಿನ, ಬೆಲ್ಲದ ಹುಳಿ ತಾಗಿದ ಕೂಡಲೇ ಸೋಡಾ ಗುಳ್ಳೆ ಬಿಡಲು ಶುರುಮಾಡುತ್ತದೆ, ಆ ಗುಳ್ಳೆ ಹಿಟ್ಟಿನೊಳಗಿರುವಾಗಲೇ ಬಿಸಿ ತಾಗಬೇಕು. ಮಕ್ಕಳಿಗೆ ಇದನ್ನು ಮಾತಿನಲ್ಲಿ ಹೇಳುವ ಬದಲು ಒಂದು ಚಮಚ ಮೊಸರಿಗೆ ಚಿಟಿಕೆ ಸೋಡಾ ಹಾಕಿ ತೋರಿಸಿ. ನಮ್ಮವರು ಅದನ್ನೇ ನಾಲ್ಕು ಸಲ ಮಾಡಿಸಿದರು. ಕೂಡಿಸುವಾಗ ಬಿಳಿ ಹಿಟ್ಟು ಕಾಣದಾಗುತ್ತಿದ್ದಂತೆ ಕೈ ನಿಲ್ಲಿಸಿ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಸೌಟಿನಿಂದ ದಪ್ಪಗೆ ಬೀಳಬೇಕು.

170 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಬಾಂಡ್ಲಿಯಲ್ಲಾದರೆ 50 ದಾಟಬಹುದು. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಲೇಬೇಡಿ. ಮೇಲೆ ಬೇಗ ಕಪ್ಪಾಗುತ್ತಿದ್ದರೆ ಆಮೇಲೆ ಒಂದು ಫಾಯಿಲ್ ಹೊದಿಸಿ. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು, ಒಂದೆರಡು ಪುಡಿ ಅಂಟಿದರೆ ಪರವಾಗಿಲ್ಲ. ಮಸಿಬಟ್ಟೆ ಒದ್ದೆಯಾಗಿದ್ದರೆ ಅದರಲ್ಲಿ ಬಿಸಿ ಡಬ್ಬಿ ಹಿಡಿಯಬೇಡಿ, ಆವಿ ಎದ್ದು ಕೈ ಸುಡುತ್ತದೆ. ಹತ್ತು ನಿಮಿಷ ಬಿಟ್ಟು ತಿರುವಿ ಹಾಕಿ, ಪೂರ್ತಿ ಆರಿದ ಮೇಲೆ ಕತ್ತರಿಸಿ. ನಿಜ ಹೇಳಬೇಕೆಂದರೆ ಈ ಕೇಕಿನ ರುಚಿ ಮರುದಿನವೇ ಹೆಚ್ಚು. ಮರುದಿನಕ್ಕೆ ಉಳಿಸಿಕೊಳ್ಳುವ ವಿಧಾನ ನನಗೆ ಇನ್ನೂ ಸಿಕ್ಕಿಲ್ಲ.

ತೆಗೆದಿಟ್ಟ ಕುಂಬಳದ ಬೀಜವನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಉಪ್ಪು, ಖಾರದ ಪುಡಿ, ಅರ್ಧ ಚಮಚ ಎಣ್ಣೆ ಸವರಿ, ಕೇಕ್ ಹೊರಬಂದ ಕೂಡಲೇ ಅದೇ ಓವನ್ನಿಗೆ 150 ಡಿಗ್ರಿಯಲ್ಲಿ ಕಾಲು ಗಂಟೆ ಇಡಿ. ಮಾವನವರ ಸಂಜೆಯ ಕುರುಕಲು.

ಆಯುಧಪೂಜೆಯ ಮರುದಿನದ ತೆಂಗಿನಕಾಯಿ

ಗಾಡಿಗೊಂದು, ಹೊಲಿಗೆ ಯಂತ್ರಕ್ಕೊಂದು, ಬಾಗಿಲಿಗೊಂದು ಒಡೆದು ವಿಜಯದಶಮಿಯ ಹೊತ್ತಿಗೆ ಮನೆಯಲ್ಲಿ ಏಳೆಂಟು ಹೋಳು. ತುರಿದು, ಬಾಂಡ್ಲಿಯಲ್ಲಿ ಸಣ್ಣ ಉರಿಯಲ್ಲಿ ಕೈಗೆ ಅಂಟದಂತೆ ಒಣಗಿಸಿಕೊಳ್ಳಿ, ಹಸಿಯಾಗಿ ಹಾಕಿದರೆ ಬಿಸ್ಕತ್ತು ಮೆತ್ತಗೆ. ಮೈದಾ 150 ಗ್ರಾಂ, ಬೆಣ್ಣೆ 100, ಸಕ್ಕರೆ ಪುಡಿ 75, ಒಣಗಿಸಿದ ತುರಿ 60, ಏಲಕ್ಕಿ. ಕಲಸಿ, ಉಂಡೆ ಕಟ್ಟಿ, ತುರಿಯಲ್ಲಿ ಹೊರಳಿಸಿ ಒತ್ತಿ, 160 ಡಿಗ್ರಿಯಲ್ಲಿ 15 ನಿಮಿಷ. ಇದಕ್ಕೆ ಹೊಂಬಣ್ಣದ ಲೆಕ್ಕ ನಡೆಯುತ್ತದೆ. ಸಕ್ಕರೆಯನ್ನು ಒಂದೇ ಚಮಚಕ್ಕೆ ಇಳಿಸಿ, ತುರಿ ಬಿಟ್ಟು, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ಉಪ್ಪು, ಎರಡು ಚಮಚ ಮೊಸರು ಹಾಕಿದರೆ ಅಯ್ಯಂಗಾರ್ ಬೇಕರಿ ಧಾಟಿಯ ಖಾರ ಬಿಸ್ಕತ್ತು. ಮೆಣಸಿನಕಾಯಿ ಮುಟ್ಟಿದ ಕೈ ಮಕ್ಕಳ ಕಣ್ಣಿಗೆ ಹೋಗುತ್ತದೆ, ಆ ಕಲಸುವಿಕೆ ನೀವೇ ಮಾಡಿ.

ಡಬ್ಬಿಗೆ ತುಂಬುವಾಗ

ಈ ಕಾಲದ ತೇವದ ಗಾಳಿಗೆ ಬಿಸ್ಕತ್ತು ತಟ್ಟೆಯಲ್ಲಿ ಒಂದು ರಾತ್ರಿ ಉಳಿದರೆ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಪೂರ್ತಿ ಆರಿದ ಕೂಡಲೇ ಸ್ಟೀಲ್ ಡಬ್ಬಿ, ಬಿಗಿ ಮುಚ್ಚಳ. ರಾಗಿ ಬಿಸ್ಕತ್ತು ಹತ್ತು ದಿನ ಇರುತ್ತದೆ, ಅಂದರೆ ಪಾಡ್ಯದಿಂದ ದಶಮಿವರೆಗೆ ಸಾಕು. ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ಆರಿಸಿದರೆ ಮತ್ತೆ ಗರಿಗರಿ. ಕುಂಬಳದ ಕೇಕ್ ಹೊರಗೆ ಎರಡು ದಿನ, ಫ್ರಿಜ್ಜಿನಲ್ಲಿ ನಾಲ್ಕು. ಬಾಗಿನಕ್ಕೆ ಪ್ಲಾಸ್ಟಿಕ್ ಕವರ್ ಬೇಡ ಅಂತ ದೊಡ್ಡವಳು ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಪೊಟ್ಟಣ ಕಟ್ಟುತ್ತಾಳೆ. ಬರೆದ ಹಾಳೆಯ ಶಾಯಿ ಬಿಸ್ಕತ್ತಿಗೆ ತಾಗದಂತೆ ಒಳಗೊಂದು ಬಾಳೆಎಲೆಯ ಚೂರು. ಪೊಟ್ಟಣಕ್ಕೆ ಎರಡು ಬಿಸ್ಕತ್ತು, ಆನೆ ಬಂದವರಿಗೆ ಒಂದೇ, ಆನೆ ದೊಡ್ಡದು.

ಬೊಂಬೆಗಳನ್ನು ಸುತ್ತಿ ಟ್ರಂಕಿಗೆ ಇಡುವ ದಿನ ಓವನ್ನಿನ ಕೆಳಗಿನ ಪುಡಿ ತಟ್ಟೆಯನ್ನೂ ಎಳೆದು ಒದರಿ. ಬೆಲ್ಲದ ಪುಡಿ ಅಲ್ಲಿ ಬಿದ್ದಿದ್ದರೆ ದೀಪಾವಳಿಯ ಹೊತ್ತಿಗೆ ಕೆಂಜಿಗಗಳು ಸಂಸಾರ ಹೂಡಿರುತ್ತವೆ.